ಆನೆಯ ಹಿಂಗಾಲು

ಅವರ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಗೀರಿತ್ತು. ವರ್ಷಗಟ್ಟಲೆ ದಾರ ಕಡಿದು ಕಡಿದು ಬಿದ್ದ ಗೀರು. ನಕ್ಕರೆ ಮೊದಲು ಕಾಣುತ್ತಿದ್ದುದು ಅದೇ. ತಿಗನಾರೆಯಲ್ಲಿ ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ರವಿಕೆ ಹೊಲಿಯುತ್ತಿದ್ದರು, ಹಾಗಾಗಿ ಎಲ್ಲರಿಗೂ ಹೊಲಿಗೆ ಅಕ್ಕ. ಶಿವನ ಹೆಸರು ಹೇಳದೆ ಮೆಷಿನ್ ತುಳಿದವರಲ್ಲ.

ಮಾತು ತೊದಲುತ್ತದೆಂದು ನನ್ನ ಮಗಳಿಗೆ ಶಾಲೆಯ ನಾಟಕದಲ್ಲಿ ಒಮ್ಮೆಯೂ ಪಾತ್ರ ಕೊಟ್ಟಿರಲಿಲ್ಲ. ಐದನೇ ತರಗತಿಯಲ್ಲಿ ಕೊನೆಗೂ ಒಂದು ಸಿಕ್ಕಿತು: ಲಿಂಗಕ್ಕೆ ಹೂ ಹಾಕಿ ಮಂಡಿಯೂರುವ ಆನೆಯ ಹಿಂಗಾಲು. ಮುಂಗಾಲಿಗೆ ಬೇರೆ ಹುಡುಗಿ. ಅಷ್ಟಾದರೂ ಕೊಟ್ಟನಲ್ಲ ಮಾದಪ್ಪ ಎಂದು ದೀಪ ಹಚ್ಚಿದೆ.

ಕಾಲು ಹೊಲಿದುಕೊಟ್ಟವರು ಅಕ್ಕ. ಗೋಣಿಚೀಲದ ಕೊಳವೆ, ಒಳಗೆ ಹಳೆಯ ದಿಂಬಿನ ಹತ್ತಿ, ಮೇಲೆ ಬೂದು ಬಣ್ಣದ ಲಂಗದ ಬಟ್ಟೆ. ತೆಂಗಿನ ಚಿಪ್ಪು ತೇಯ್ದು, ಸುಣ್ಣ ಬಳಿದು ಉಗುರು ಮಾಡಿದರು. "ಮುಂಗಾಲ್ಗೆ ಅಯ್ದು, ಇಂಗಾಲ್ಗೆ ನಾಕೇ ಕಣವ್ವ." ಮಂಡಿಯ ಮುಂದೆ ಮಾತ್ರ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸಡಿಲ ಬಿಟ್ಟರು. ಇದೆಲ್ಲ ಹೇಗೆ ಗೊತ್ತು ಎಂದೆ. ಅವರ ಹೊಲದ ರಾಗಿ ತಿಂದ ಆನೆ ಬೆಳಗ್ಗೆ ಕಾಡಂಚಿನ ಕಂದಕ ಇಳಿಯುವುದನ್ನು ನಿಂತು ನೋಡಿದ್ದರಂತೆ. "ಇಂಗಾಲ್ನ ನಮ್ಮಂಗೇ ಮಂಡಿಯೂರಿ ಜಾರ್ಕೊಂಡು ಓಯ್ತು. ರಾಗಿ ಓದ್ರೆ ಓಗ್ಲಿ ಬುಡು, ಏನ್ ಚೆಂದ ಅಂತಿಯೆ!"

ನಾಟಕದ ದಿನ, ಅದನ್ನು ಆಡಿಸುತ್ತಿದ್ದ ಮೇಷ್ಟ್ರು ಆ ಕಾಲುಗಳನ್ನು ಎತ್ತಿ ನೋಡಿ ಮುಖ ಸಿಂಡರಿಸಿದರು. "ಏನಮ್ಮಾ, ಹಸು ನೋಡಿಲ್ವಾ? ಪ್ರಾಣಿಗಳ ಹಿಂಗಾಲು ಹಿಂದಕ್ಕೆ ಮಡಚುತ್ತೆ."

"ಅಸೂನೂ ನೋಡಿವ್ನಿ, ಆನೇನೂ ನೋಡಿವ್ನಿ ಸಾ. ನೀವು ಆನೆ ನೋಡಿದ್ದು ಪುಸ್ತಕದಲ್ಲಾ?"

ಸುತ್ತ ನಿಂತ ಹೆಂಗಸರು ಕಿಸಕ್ಕೆಂದರು. ಅದೇ ತಪ್ಪಾಯಿತು. ಮೇಷ್ಟ್ರು ಕತ್ತರಿ ತರಿಸಿ, ಸೊಂಟದ ಹೊಲಿಗೆ ಬಿಚ್ಚಿ, ಎರಡೂ ಕಾಲನ್ನು ಹಿಂದುಮುಂದಾಗಿ ತಿರುಗಿಸಿ ಪಿನ್ನು ಚುಚ್ಚಿದರು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಲಿಂಗದ ಮುಂದೆ ಮಂಡಿಯೂರಲು ಹೋದ ಮಗುವಿಗೆ ಸಡಿಲದ ಮಡಿಕೆ ಹಿಂದಕ್ಕಾಗಿ, ಮುಂದುಗಡೆ ಗೋಣಿ ಬಿಗಿದುಕೊಂಡಿತು. ದಬಕ್ಕನೆ ಬಿದ್ದಳು, ಆನೆ ಎರಡು ಹೋಳಾಯಿತು. ಹಲ್ಲು ಮುರಿಯಲಿಲ್ಲ, ಅದೊಂದು ದೇವರ ದಯೆ. ಜನ ನಕ್ಕರು, ಅದನ್ನೂ ತಡೆದುಕೊಂಡೆ. ಆದರೆ ಆ ಮನುಷ್ಯ ಮೈಕಿನಲ್ಲೇ, "ಇವಳ ಕಾಲೂ ತೊದಲುತ್ತೆ" ಎಂದನಲ್ಲ! ಮಕ್ಕಳಿಗೆ ಪಾಠ ಹೇಳುವ ಬಾಯಿ ಅದು!

ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಮಗಳ ಕೈ ಹಿಡಿದು ನೆಟ್ಟಗೆ ಮಾದಪ್ಪನ ಗುಡಿಗೆ ನಡೆದರು. ಅಲ್ಲೇ ಅಂಗಳದಲ್ಲಿ ಕೂತು ಕಾಲುಗಳನ್ನು ಮತ್ತೆ ಸರಿಯಾಗಿ ಹೊಲಿದು ತೊಡಿಸಿದರು. "ಈಗ ಮಂಡಿ ಊರು ಕೂಸೇ. ನೋಡ್ಬೇಕಾದೋನು ಇಲ್ಲೇ ಅವ್ನೆ." ಮಗಳು ಮಂಡಿಯೂರಿದಳು, ನಿಧಾನಕ್ಕೆ, ಕಾಡಿನ ಆನೆಯ ಹಾಗೆಯೇ.

ಹೋದ ತಿಂಗಳು ಅಕ್ಕ ತೀರಿಕೊಂಡರು. ನರಳದೆ, ಕೂತಲ್ಲೇ. ಅದೂ ದಯೆಯೇ. ಮಣ್ಣಿಗೆ ಬಂದಿದ್ದ ಮೇಷ್ಟ್ರು ಯಾರಿಗೋ ಹೇಳುತ್ತಿದ್ದರು: "ಒಳ್ಳೆ ಹೆಂಗಸು, ಪಾಪ. ಆನೆ ಕಾಲು ಹಿಂದುಮುಂದು ಹೊಲಿದು ಮಗೂನ ಬೀಳಿಸಿದ್ದರು." ಜೊತೆಗೊಂದು ನಗು.

ಹೆಣದ ಮುಂದೆ ದನಿ ಎತ್ತಬಾರದೆಂದು ಗೊತ್ತಿತ್ತು. ಎತ್ತಿದೆ. "ತಿರುಗ್ಸುದ್ದು ನೀವು ಸಾ. ಅಕ್ಕ ಸರಿಯಾಗೇ ಒಲ್ದಿದ್ರು."

ಮೇಷ್ಟ್ರು ಚಪ್ಪಲಿ ಹುಡುಕಿಕೊಂಡು ಹೊರಟರು. ಸರಿಯಾಗೇ ಹೊಲಿದಿದ್ದಾರೆ ಎಂಬುದು ಅಕ್ಕನ ಕಿವಿಗೆ ಬೀಳುವಾಗ, ಆ ಕತ್ತರಿ ಬರುವ ಮೊದಲೇ ನಾನು ಆಡಬೇಕಿದ್ದ ಮಾತು.