ಬೀರುವಿನಲ್ಲಿದ್ದ ಆರು ಸೂಕ್ಷ್ಮದರ್ಶಕಗಳು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸರ್ಕಾರಿ ಶಾಲೆಯ ವಿಜ್ಞಾನದ ಮೇಡಂ ಬೀರುವಿನ ಬೀಗ ತೆಗೆಯುತ್ತಿದ್ದರು. ಒಳಗೆ ಆರು ಸೂಕ್ಷ್ಮದರ್ಶಕಗಳಿದ್ದವು. ಊರಿನ ಕಾರ್ಖಾನೆಯೂ ಶಿಕ್ಷಣ ಇಲಾಖೆಯೂ ಸೇರಿ ವರ್ಷದ ಹಿಂದೆ ಕೊಟ್ಟಿದ್ದವು. ಒಡೆದರೆ ಉತ್ತರ ಹೇಳಬೇಕಾದೀತೆಂದು ಹೆದರಿದ ಮೇಡಂ ವಾರಕ್ಕೊಮ್ಮೆ ಅವುಗಳ ಧೂಳು ಒರೆಸಿ ಮತ್ತೆ ಬೀಗ ಹಾಕುತ್ತಿದ್ದರು. ಜೀವಕೋಶವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತಿತ್ತು.

ಇನ್ನೂ ನಾಲ್ಕು ಶಾಲೆಗಳಿಗೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಅಂದು ಕಾರ್ಖಾನೆಯ ಮ್ಯಾನೇಜರ್ ಮತ್ತು ಶಿಕ್ಷಣಾಧಿಕಾರಿ ಬಂದಿದ್ದರು.

“ಎಷ್ಟು ಮಕ್ಕಳು ಇದರಲ್ಲಿ ನೋಡಿದಾರೆ ಮೇಡಂ?” ಎಂದರು ಮ್ಯಾನೇಜರ್.

“ಎಲ್ಲರೂ ಸಾರ್. ಇನ್ನೂರ ಹದಿನಾರು.”

ಮ್ಯಾನೇಜರ್ ಬಗ್ಗಿ ಒಂದು ಕಣ್ಣು ಮುಚ್ಚಿದರು. ಏನೂ ಕಾಣಲಿಲ್ಲ. ಕಣ್ಣಿಡುವ ಗಾಜಿನ ಮೇಲೆ, ತಯಾರಿಸಿದವರು ಅಂಟಿಸಿ ಕಳಿಸಿದ್ದ ಕಾಗದ ಹಾಗೇ ಇತ್ತು. ಎರಡನೆಯದರಲ್ಲೂ ಇತ್ತು, ಆರರಲ್ಲೂ ಇತ್ತು.

“ಮಗಳ ಮದುವೆ ಒಡವೆ ಥರ ಇಟ್ಟಿದೀರಲ್ಲ ಮೇಡಂ!” ಎಂದು ಅಧಿಕಾರಿ ನಕ್ಕರು.

ಮ್ಯಾನೇಜರ್ ನಗಲಿಲ್ಲ. ಒಂದೊಂದೇ ಕಾಗದ ಕಿತ್ತರು. “ಒಡೆದ್ರೆ ಇನ್ನೊಂದು ಕಳಿಸ್ತೀವಿ. ಮಕ್ಕಳನ್ನ ಕರೀರಿ.”

ಮಕ್ಕಳು ಸಾಲು ನಿಂತರು. ಮೊದಲು ಬಗ್ಗಿದ ಹುಡುಗಿ ಈರುಳ್ಳಿ ಪೊರೆ ನೋಡಿ ಕೂಗಿದಳು: “ಮೇಡಂ, ನೀವು ಬರೀತಿದ್ರಲ್ಲ, ಅದು ನಿಜವಾಗ್ಲೂ ಇದೆ!”

ಮೇಡಂ ತಲೆ ಎತ್ತಲಿಲ್ಲ.

ನಾಲ್ಕು ಶಾಲೆಗಳಿಗೂ ಸೂಕ್ಷ್ಮದರ್ಶಕಗಳು ಹೋದವು, ಬೀರು ಮಾತ್ರ ಹೋಗಲಿಲ್ಲ. ನಿವೃತ್ತರಾದ ಮೇಡಂಗೆ ಈಗ ತಂಗಿಯ ಫೋನ್ ನಂಬರೂ ನೆನಪಿರುವುದಿಲ್ಲ. ಅಂದು ಬಾಯಿಬಿಟ್ಟು ಹೇಳಿದ ಸಂಖ್ಯೆ ಮಾತ್ರ ಮರೆಯುವುದಿಲ್ಲ: ಇನ್ನೂರ ಹದಿನಾರು.