ಅಪ್ಪಲರಾಜುವಿನ ಪರವಾಗಿ ನಾನು ಒಪ್ಪಿದ್ದು

ಉಪ್ಪಿಟ್ಟಿನ ತಟ್ಟೆಯನ್ನು ಬದಿಗೆ ಸರಿಸಿ ಕುಳಿತ ಒಂದು ಭಾನುವಾರ, ಕಾಫಿ ಆರುವುದರೊಳಗೆ ನಾನು ನಲವತ್ತು ಮನೆಗಳ ಮನಸ್ಸನ್ನು ಬರೆದು ಮುಗಿಸಿದೆ. ಗೆಳೆಯರೇ, ಈ ವಯಸ್ಸಿನಲ್ಲಿ ಅದನ್ನು ಒಪ್ಪಿಕೊಳ್ಳುವಾಗ ನಾಚಿಕೆಗಿಂತ ಮೊದಲು ನಗುವೇ ಉಕ್ಕಿಬರುತ್ತದೆ, ಕ್ಷಮಿಸಿ.

ತೊಂಬತ್ತರ ದಶಕದ ಮಾತು. ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ನಾನು, ಎಂವಿಪಿ ಕಾಲೋನಿಯ ನಮ್ಮ ಬೀದಿಯ ಸಂಘಕ್ಕೆ ಕಾರ್ಯದರ್ಶಿ; ಅಲ್ಲಿನವರ ಬಾಯಲ್ಲಿ 'ರಾವುಗಾರು', ಅಂದರೆ ರಾಯರು. ಗಾಳಿ ಕೆಡದಂತೆ ಬೀದಿಯಲ್ಲಿ ಕಸ, ಇದ್ದಿಲು ಉರಿಸುವುದನ್ನು ನಿಲ್ಲಿಸಬಹುದೇ ಎಂದು ಮನೆಮನೆಗೂ ಹೋಗಿ ಕೇಳಿ ಬರೆದುಕೊಳ್ಳಲು ನಗರಪಾಲಿಕೆಯ ಅಧಿಕಾರಿಗಳು ಚೀಟಿಗಳನ್ನು ಕೊಟ್ಟಿದ್ದರು. ಬ್ಯಾಂಕಿನಲ್ಲಿ ಬರೆಯಲು ಬಾರದವರ ಅರ್ಜಿಗಳನ್ನು ತುಂಬಿ ತುಂಬಿ, ಜನಕ್ಕೆ ಏನು ಬೇಕೆಂಬುದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತೆಂಬ ಭ್ರಮೆ ಕೈಗೆ ಅಂಟಿಕೊಂಡಿತ್ತು. ಹಾಗಾಗಿ ಯಾರ ಬಾಗಿಲನ್ನೂ ತಟ್ಟದೆ ಚೀಟಿಗಳನ್ನೆಲ್ಲ ನಾನೇ ತುಂಬಿದೆ; ಎಲ್ಲರೂ ಒಪ್ಪಿದರು! ಮೂಲೆಯ ಮರದಡಿ ಇದ್ದಿಲಿನ ಪೆಟ್ಟಿಗೆಯಿಂದ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಪ್ಪಲರಾಜುವಂತೂ ಪರಮ ಸಂತೋಷದಿಂದ ಒಪ್ಪಿದ.

"ಊರೋರ ಮನಸ್ಸೆಲ್ಲಾ ನಿಮ್ಮ ಪೆನ್ನೊಳಗೇ ಐತೇನ್ರೀ?" ಎಂದಳು ನನ್ನವಳು.

ಮುಂದಿನ ವಾರ ಸಭೆ. ಅಧಿಕಾರಿ ಗದ್ಗದಿತರಾಗಿ ಅಪ್ಪಲರಾಜುವನ್ನು ಕರೆದು ಶಾಲು ಹೊದಿಸಿಬಿಟ್ಟರು.

"ನನಗ್ಯಾಕೆ ಬಾಬೂ ಇದು?" ಎಂದು ಅವನು ತೆಲುಗಿನಲ್ಲಿ ಕೇಳಿದ.

"ಇದ್ದಿಲು ಬಿಡ್ತೀನಿ ಅಂದೆಯಲ್ಲಾ!" ಎಂದರು ಅಧಿಕಾರಿ.

"ನಾನಾ? ಯಾವಾಗ?"

ಸಭೆ ಗೊಳ್ಳೆಂದಿತು. ನಾನೂ ನಕ್ಕೆ. ಅವನು ಶಾಲನ್ನು ನೀಟಾಗಿ ಮಡಿಸಿ ಅಧಿಕಾರಿಗೆ ಮರಳಿ ಕೊಡಲು ಹೋದದ್ದನ್ನು ಕಂಡ ಮೇಲೆ ಕುಳಿತಿರಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

"ಒಪ್ಪಿದ್ದು ನೀವು ರಾವುಗಾರೂ. ನಾಳೆಯಿಂದ ನನ್ನ ಮಕ್ಕಳಿಗೆ ಅನ್ನ ಹಾಕೋದೂ ನೀವೇನಾ?" ಎಂದ ಅವನು, ಅಧಿಕಾರಿಯತ್ತ ತಿರುಗಿದ. "ಹೊಗೆ ಮೊದಲು ಹೋಗೋದು ನನ್ನ ಎದೆಗೇ ಬಾಬೂ. ಇದ್ದಿಲು ನನಗೂ ಬೇಡ. ಮರದ ಹತ್ತಿರ ಕರೆಂಟು ಕೊಡಿ, ಆಮೇಲೆ ನಿಲ್ಲಿಸಿ."

ನನ್ನ ನಲವತ್ತು ಚೀಟಿಗಳಲ್ಲಿ ಒಂದರಲ್ಲೂ ಇಷ್ಟು ಬುದ್ಧಿಯಿರಲಿಲ್ಲ.

ಕರೆಂಟು ಬರುವವರೆಗೆ ಅವನು ನನ್ನ ಬಟ್ಟೆ ಮುಟ್ಟಲಿಲ್ಲ. ಮುದ್ದೆಯಾದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ನನ್ನ ಕಥೆ ಹೇಳುತ್ತಿದ್ದೆ. ತಪ್ಪೊಪ್ಪಿಕೊಳ್ಳುವುದರಲ್ಲಿ ಇಷ್ಟು ಅಮಲಿರುತ್ತದೆಂದು ಯಾರಿಗೆ ಗೊತ್ತಿತ್ತು! ಕೊನೆಗೊಂದು ಬೆಳಿಗ್ಗೆ ಅವನೇ ಕೂಗಿ ಕರೆದ. ಹೊಸ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನು ನನ್ನ ಅಂಗಿಯ ಮೇಲೆ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ ವಿಚಾರಿಸಿದ:

"ತೋಳಿಗೆ ಗೆರೆ ಬೇಕಾ, ಬೇಡವಾ ರಾವುಗಾರೂ? ನಿಮ್ಮ ಅಭಿಪ್ರಾಯ ನೀವೇ ಹೇಳಿ. ನಾನಾಗಿ ಏನೂ ಅಂದ್ಕೊಳ್ಳಲ್ಲ."

ಬೀದಿಯೇ ಕಿವಿಯಾಗಿ ನಿಂತಿತ್ತು. ಊರಿಗೆಲ್ಲ ಉತ್ತರ ಬರೆದವನು ಮೊದಲ ಬಾರಿಗೆ ನನ್ನೊಬ್ಬನ ಉತ್ತರ ಕೊಟ್ಟೆ: "ಬೇಕು."