ಟ್ಯಾಂಕಿನ ಉಸಿರುಕೊಳವೆ

ಇವತ್ತು ಬೆಳಿಗ್ಗೆ ವ್ಯಾನಿನ ನೀರಿನ ಟ್ಯಾಂಕಿನಿಂದ ಸಣ್ಣ ಪೈಪೊಂದನ್ನು ಎಳೆದು ಜೋರಾಗಿ ಊದಿದೆ. ಅಂಗೈ ಮೇಲೆ ಒಣಮಣ್ಣು ಉದುರಿತು. ಕಣಜದ ಹುಳು ಕಟ್ಟಿದ್ದ ಗೂಡು. ಮೂಸಿದರೆ ಗದ್ದೆಯ ಹುಡಿಮಣ್ಣಿನ ವಾಸನೆ. ಕಾರವಾರದಲ್ಲಿ ಪ್ರವಾಸಿಗರು ಕಾಯುತ್ತಿದ್ದರು, ಫೋನು ಎರಡು ಸಲ ಹೊಡೆದುಕೊಂಡಿತ್ತು. ಆದರೂ ಅಲ್ಲೇ ಕುಳಿತುಬಿಟ್ಟೆ. ಪಂಪಿನ ಮಾವ ನೆನಪಾದರು...

ಅವರ್ಸಾದಲ್ಲಿ ನಮ್ಮ ನೆರೆಮನೆಯವರು. ಊರಿನ ಬಾವಿಗಳ ಪಂಪು ರಿಪೇರಿ ಮಾಡುತ್ತಿದ್ದರು, ಹಾಗಾಗಿ ಊರಿಗೆಲ್ಲ ಪಂಪಿನ ಮಾವ. ನಾನಾಗ ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಅದರೊಳಗೆ ಮಂಚ, ಒಲೆ, ಪಾಯಿಖಾನೆ, ನೂರು ಲೀಟರಿನ ಟ್ಯಾಂಕು ಎಲ್ಲ ಕೂಡಿಸಿ ಬಾಡಿಗೆಗೆ ಬಿಟ್ಟ ಹೊಸತು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ ನಾನು. ಒಂದು ಕಡೆ ನಿಂತು ಟೀ ಕುಡಿಯಲೂ ಆಗುತ್ತಿರಲಿಲ್ಲ.

ಒಂದು ದಿನ ಟ್ಯಾಂಕು ನೀರು ಹಿಡಿಯದಾಯಿತು. ಅರ್ಧ ತುಂಬುವಷ್ಟರಲ್ಲಿ ಬಾಯಿಂದ ಬುಳಕ್ಕೆಂದು ವಾಪಸ್ಸು ನನ್ನ ಮುಖಕ್ಕೇ ಉಗುಳುತ್ತಿತ್ತು. ನಲ್ಲಿ ತಿರುಗಿಸಿದರೆ ಪಂಪು ಒದರುತ್ತಿತ್ತು, ನೀರು ದಾರದಷ್ಟೇ. ಸಿಟ್ಟಿನಲ್ಲಿ ಹೊಸ ಪಂಪನ್ನೇ ತಂದು ಕೂರಿಸಿದೆ. ಅದೂ ಒದರಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ಮಾವ ನಿಧಾನಕ್ಕೆ ಬಂದು, ಟ್ಯಾಂಕಿಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು.

"ಎಂತಾ ಗಡಿಬಿಡಿಯೋ ತಮಾ ನಿಂಗೆ? ಇದ್ಕೆ ಉಸ್ರಾಡೂಕೆ ದಾರಿ ಇಲ್ಲ. ಒಳಗಿನ ಗಾಳಿ ಹೊರಗೆ ಹೋಗದೆ ನೀರು ಎಲ್ಲಿ ಕೂರೂದು?"

ಗಾಳಿಯ ಪೈಪು ಎಳೆದು ಊದಿದರು, ಕಣಜದ ಮಣ್ಣು ಬಿತ್ತು. ಹರಕು ಸೊಳ್ಳೆಪರದೆಯ ತುಂಡನ್ನು ಪೈಪಿನ ಬಾಯಿಗೆ ದಾರದಿಂದ ಬಿಗಿದರು. ಕೈಗೆ ಏನು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ವ್ಯಾನಿನ ಪಾಯಿಖಾನೆಯ ಬಾಗಿಲು ತೆರೆದು ನೋಡಿ, "ನನ್ನ ಒಂದಿನ ಚಿತ್ತಾಕುಲಕ್ಕೆ ಕರ್ಕಂಡು ಹೋಗ್ತ್ಯಾ?" ಎಂದರು.

ಚಿತ್ತಾಕುಲದಲ್ಲಿ ಅವರ ಅಕ್ಕನಿದ್ದಳು. ಮಾವನಿಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುವ ಕಾಯಿಲೆ. ಬಸ್ಸಿನಲ್ಲಿ ಮರ್ಯಾದೆ ಹೋಗುತ್ತದೆಂದು ಹೆದರಿ ಅವರು ಅಕ್ಕನ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಕಾಳಿ ನದಿ ಸಮುದ್ರ ಸೇರುವಲ್ಲಿ, ಭರತದ ಹೊತ್ತಿಗೆ, ಸಮುದ್ರ ಉಕ್ಕಿ ಬಂದಾಗ, ಬಾವಿಗಳೆಲ್ಲ ಉಪ್ಪಾದರೂ ಅಕ್ಕನ ಬಾವಿ ಮಾತ್ರ ಸಿಹಿ ಎನ್ನುವುದು ಅವರ ಜಂಬ. ಟ್ಯಾಂಕನ್ನು ಅಲ್ಲೇ ತುಂಬಿಸೋಣವಂತೆ.

"ಬರುವ ವಾರ ಹೋಗೋಣ, ಮಾವ" ಎಂದೆ. ಬರುವ ವಾರ ಬಾಡಿಗೆ ಬಂತು. ಅದರ ಮುಂದಿನ ವಾರವೂ ಬಂತು. ಪ್ರತಿಸಲ ವ್ಯಾನು ಅಂಗಳಕ್ಕೆ ಬಂದಾಗ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ನಾನು ಕಂಡೂ ಕಾಣದವನಂತೆ ನೀರು ತುಂಬಿಸಿ ಹೊರಡುತ್ತಿದ್ದೆ... ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಚಿತ್ತಾಕುಲಕ್ಕೆ ಹೋದದ್ದು ಮಾವ ತೀರಿಕೊಂಡ ಮೇಲೆ, ಹನ್ನೊಂದನೆಯ ದಿನದ ಕಾರ್ಯಕ್ಕೆ ಅವರ ಅಕ್ಕನನ್ನು ಕರೆತರಲು. ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಲಾಗದ ಮುದುಕಿ ವ್ಯಾನು ಹತ್ತುವ ಮೊದಲು ಬಾವಿಯ ಹತ್ತಿರ ಕರೆದೊಯ್ದಳು.

"ನಮ್ಮ ಬಾವಿಗೆ ಉಪ್ಪು ಬರೂದಿಲ್ಲ ಅಂತ ಅವ ಊರಿಗೆಲ್ಲ ಹೇಳ್ತಿದ್ದ. ನೀ ಕುಡ್ದು ಹೇಳು."

ಭರತದ ಹೊತ್ತು. ಬಾಯಿಗೆ ಹಾಕಿದರೆ ಉಪ್ಪು, ನಾಲಿಗೆ ಚುರುಗುಟ್ಟುವಷ್ಟು. ನುಂಗಿದೆ.

"ಸಿಹಿ ಅದೆ, ಅಮ್ಮಾ."

ಆ ನೀರನ್ನೇ ಟ್ಯಾಂಕಿನ ತುಂಬ ತುಂಬಿಸಿದೆ. ಒಂದು ಹನಿಯೂ ವಾಪಸ್ಸು ಬರಲಿಲ್ಲ. ದಾರಿಯಲ್ಲಿ ಆಕೆ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು, ಎರಡು ಸಲ.

ಮಾವ ಕಟ್ಟಿದ ಪರದೆ ಬಿಸಿಲಿಗೆ ಪುಡಿಯಾಗಿ ಯಾವಾಗ ಉದುರಿತೋ ಗೊತ್ತಿಲ್ಲ, ನಾನು ನೋಡಿದವನಲ್ಲ. ಇವತ್ತು ಹೊಸ ತುಂಡು ಕಟ್ಟಿದೆ. ಅವರಷ್ಟು ಬಿಗಿಯಾಗಿ ಬರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ. ಫೋನು ಮೂರನೆಯ ಸಲ ಹೊಡೆದುಕೊಂಡಿತು. ಎಂಜಿನ್ ಚಾಲೂ ಮಾಡಿ, ಹೊರಡುವ ಮೊದಲು ಬೇಲಿಯ ಕಡೆ ತಿರುಗಿ ನೋಡಿದೆ. ಈಗ ನೋಡಿ ಏನು ಪ್ರಯೋಜನ.